ಹಾರಣ್ಣ ಬಂಡೆ ಎತ್ತಿದ ಭಾನುವಾರ

ನಾನು ಚಿಕ್ಕವನಿದ್ದಾಗ ಹಾರನಹಳ್ಳಿಯ ನಮ್ಮ ಬೀದಿಗೆಲ್ಲ ಒಂದೇ ಟೀವಿ ಇತ್ತು. ಅದು ನಮ್ಮ ನಡುಮನೆಯಲ್ಲಿ, ಎಳೆದು ಮುಚ್ಚುವ ಬಾಗಿಲಿದ್ದ ಒಂದು ಮರದ ಪೆಟ್ಟಿಗೆಯೊಳಗೆ ಇರುತ್ತಿತ್ತು. ಆ ಬಾಗಿಲಿಗೆ ಬೀಗ. ಬೀಗದ ಕೈ ಅಪ್ಪನ ಉಡಿದಾರದಲ್ಲಿ. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಮಾತ್ರ, ಅಪ್ಪ ಅದನ್ನು ತೆಗೆಯುತ್ತಿದ್ದರು.

ಬೀಗ ತೆಗೆಯುವ ಮೊದಲು ಆಗಬೇಕಾದ ಕೆಲಸಗಳಿಗೆ ಒಂದು ಕ್ರಮವಿತ್ತು. ಬೆಳಕು ಹರಿಯುವ ಮುಂಚೆ ಏಳಬೇಕು. ಕೊಟ್ಟಿಗೆ ಗುಡಿಸಬೇಕು. ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಮನೆಮಂದಿಯೆಲ್ಲ ಸಾಲಾಗಿ ಕೂತು, ಅಂಗೈ ಮೇಲೆ ಲಿಂಗವಿಟ್ಟುಕೊಂಡು ಪೂಜೆ ಮುಗಿಸಬೇಕು. ಆಮೇಲೆ ರಾಗಿರೊಟ್ಟಿ, ಕಾಯಿಚಟ್ನಿ. ತಟ್ಟೆ ತೊಳೆದಿಟ್ಟವರಿಗೆ ಮಾತ್ರ ಚಾಪೆಯ ಮೇಲೆ ಜಾಗ. ಅಕ್ಕ ಗೋಡೆಯ ಪಕ್ಕ, ಅವಳ ಪಕ್ಕ ನಾನು, ಮುಂದೆ ಬೀದಿಯ ಹುಡುಗರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು.

ಧಾರಾವಾಹಿಯ ವೀರನಿಗೆ ಹಿಂದಿಯಲ್ಲಿ ಏನೋ ದೊಡ್ಡ ಹೆಸರಿತ್ತು. ನಮ್ಮ ನಾಲಿಗೆಗೆ ಅದು ಹೊರಳದೆ ಹಾರಣ್ಣ ಎಂದು ಕರೆಯುತ್ತಿದ್ದೆವು. ಮೈಗಂಟಿದ ಮಿನುಗುವ ಅಂಗಿ, ಬೆನ್ನಿಗೆ ಹೊದಿಕೆಯಂಥ ಒಂದು ಬಟ್ಟೆ, ಮೊಣಕಾಲಿನವರೆಗೆ ರಬ್ಬರ್ ಬೂಟು, ಹಣೆಯ ಮೇಲೊಂದು ದೀಪ. ಹಾರುವಾಗ ಅವನು ಕೈಚಾಚಿ ಅಲುಗದೆ ಮಲಗಿರುತ್ತಿದ್ದ, ಓಡುತ್ತಿದ್ದದ್ದು ಮೋಡಗಳು. ದುಷ್ಟರ ಗುಹೆಗೆ ಯಾರಾದರೂ ಒರಗಿದರೆ ಗೋಡೆ ಅಲ್ಲಾಡುತ್ತಿತ್ತು. ಅವನ ಒಂದು ಗುದ್ದಿಗೆ ನಾಲ್ಕು ಜನ ಬೀಳುತ್ತಿದ್ದರು. ಅವರಲ್ಲೊಬ್ಬ ಗುದ್ದು ತಗಲುವ ಮೊದಲೇ ಬಿದ್ದಿರುತ್ತಿದ್ದ. ನಮಗೆ ಅದೆಲ್ಲ ನಿಜ. ಅಪ್ಪನೂ ಬೆನ್ನು ನೆಟ್ಟಗೆ ಮಾಡಿ, ಮುಖ ಬಿಗಿದು, ಪುರಾಣ ಕೇಳುವವರ ಹಾಗೆ ನೋಡುತ್ತಿದ್ದರು. ಯಾರಾದರೂ ಕಿಸಕ್ಕೆಂದರೆ ಅವರ ಕಣ್ಣು ಆ ಕಡೆ ತಿರುಗುತ್ತಿತ್ತು, ಅಷ್ಟು ಸಾಕಿತ್ತು.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಅಮ್ಮ ತೀರಿಕೊಂಡಳು. ಜ್ವರ ಬಂತು, ಹಾಸನಕ್ಕೆ ಕರೆದುಕೊಂಡು ಹೋದರು, ಅವಳು ನಡೆದುಕೊಂಡು ವಾಪಸು ಬರಲಿಲ್ಲ. ಗುರುವಾರ ಸಂಜೆ ತೆಂಗಿನ ತೋಟದ ಮೂಲೆಯಲ್ಲಿ, ನಮ್ಮವರ ಪದ್ಧತಿಯಂತೆ, ಪೂಜೆಗೆ ಕೂತ ಹಾಗೆಯೇ ಅವಳನ್ನು ಕೂರಿಸಿ ಮಣ್ಣು ಮಾಡಿದರು. ಆ ಮಣ್ಣಿನ ಮೇಲೆ ಚೆಲ್ಲಿದ್ದ ಬಿಲ್ವಪತ್ರೆಯ ವಾಸನೆ ನನ್ನ ಕೈಗೆ ಅಂಟಿಕೊಂಡಿತ್ತು.

ಸಾವಾದ ಮನೆಯಲ್ಲಿ ಕೆಲವು ದಿನ ಸೂತಕ ಇರುತ್ತದೆ, ದೇವರ ದೀಪವನ್ನೂ ಹಚ್ಚುವುದಿಲ್ಲ ಎಂದು ನೀವು ಕೇಳಿರಬಹುದು. ನಮ್ಮಲ್ಲಿ ಹಾಗಿಲ್ಲ. ಹೋದವರು ಶಿವನಲ್ಲಿ ಸೇರಿದರು, ಅದಕ್ಕೆ ಮೈಲಿಗೆ ಎಲ್ಲಿಂದ ಬಂತು ಎನ್ನುತ್ತಾರೆ ಹಿರಿಯರು. ಹಾಗಾಗಿ ಪೂಜೆಯೂ ನಿಲ್ಲುವುದಿಲ್ಲ, ಒಲೆಯೂ ನಿಲ್ಲುವುದಿಲ್ಲ. ಶುಕ್ರವಾರ ಬೆಳಗಿನ ಕತ್ತಲಲ್ಲಿ ಅಪ್ಪ ಎಂದಿನಂತೆ ನಮ್ಮನ್ನು ಎಬ್ಬಿಸಿದರು. ಹೈಸ್ಕೂಲಿನಲ್ಲಿದ್ದ ಅಕ್ಕ ಎದ್ದು ರೊಟ್ಟಿ ತಟ್ಟಿದಳು. ರೊಟ್ಟಿಯ ಅಂಚು ಸೀದಿತ್ತು, ಹಾಗೆಯೇ ತಿಂದೆವು. ಅಪ್ಪ ಅಳಲಿಲ್ಲ. ಅಕ್ಕ ಅಪ್ಪನ ಜೊತೆ ಮಾತು ಬಿಟ್ಟಳು.

ಭಾನುವಾರ ಬಂತು. ಅಮ್ಮನ ತಾಯಿ, ಬಿಕ್ಕೋಡಿನ ಅಜ್ಜಿ, ನಮ್ಮ ಮನೆಯಲ್ಲೇ ಇದ್ದರು. ಪೂಜೆ ಆಯಿತು, ರೊಟ್ಟಿ ಆಯಿತು. ಅಪ್ಪ ಗೋಡೆಯ ಗಡಿಯಾರ ನೋಡಿದರು. ಉಡಿದಾರದಿಂದ ಬೀಗದ ಕೈ ಬಿಚ್ಚಿದರು.

ಹೊಸ್ತಿಲ ಹತ್ತಿರ ಬಂದಿದ್ದ ಬೀದಿಯ ಹುಡುಗರು ಒಳಗೆ ಕಾಲಿಡದೆ ಅಲ್ಲೇ ನಿಂತರು. ಹೊರಗಿಂದ ಯಾರೋ ತಾಯಿ ಕರೆದಳು, ಅವರೆಲ್ಲ ಹೋದರು. ಅಜ್ಜಿ ಅಳಿಯನ ಎದುರು ನಿಂತು ಮಾತಾಡುವವರಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕಂಬಕ್ಕೆ ಹೇಳುವ ಹಾಗೆ ಹೇಳಿದರು: "ಗುಂಡಿ ಮಣ್ಣು ಇನ್ನೂ ಆರಿಲ್ಲ. ಆಗ್ಲೇ ಟೀವಿ ಅಂತೆ."

"ಸೂತಕ ಇಲ್ಲ ಅಂದ್ಮೇಲೆ ಇಲ್ಲ. ಎಲ್ಲ ಹೆಂಗೆ ನಡೀತಿತ್ತೋ ಹಂಗೇ ನಡೀಬೇಕು" ಎಂದರು ಅಪ್ಪ, ಅವರೂ ಕಂಬಕ್ಕೇ.

ಮೂರು ದಿನದಿಂದ ಮಾತು ಬಿಟ್ಟಿದ್ದ ಅಕ್ಕ ಆಗ ಬಾಯಿಬಿಟ್ಟಳು. "ನಿಮ್ಗೆ ಒಂದ್ ಚೂರೂ ಸಂಕಟ ಆಗ್ತಿಲ್ವಾ ಅಪ್ಪ?"

ಅಪ್ಪ ಪೆಟ್ಟಿಗೆಯ ಬೀಗ ತೆಗೆದರು. ಬಾಗಿಲು ಸರಿಸಿ ಟೀವಿಯ ಗುಂಡಿ ತಿರುಗಿಸಿದರು.

ಅಕ್ಕ ಕೋಣೆಗೆ ಹೋದಳು. ನಾನು ಹಿಂದೆಯೇ ಹೋದೆ. ಅವಳು ಬಟ್ಟೆಯ ಚೀಲ ತೆಗೆದು ಲಂಗ, ದಾವಣಿ, ಪುಸ್ತಕ ಒಂದೊಂದಾಗಿ ತುಂಬಿದಳು. ಅಜ್ಜಿಯ ಜೊತೆ ಬಿಕ್ಕೋಡಿಗೆ ಹೋಗುತ್ತೇನೆ, ಅಮ್ಮನ ಹೆಸರಲ್ಲಿ ಮಾಡುವ ಆರಾಧನೆಯ ದಿನ ಬಂದು ಹೋಗುತ್ತೇನೆ, ಇನ್ನು ಅಲ್ಲೇ ಓದುತ್ತೇನೆ ಎಂದಳು. ನಾನು ಚೀಲದ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಬಿಡೋ."

ನಾನು ಬಿಡಲಿಲ್ಲ. ಅವಳು ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿದಳು. ನಾನು ಬಾಗಿಲಲ್ಲಿ ಅಡ್ಡ ನಿಂತೆ. ಒಂದೇ ವಾರದಲ್ಲಿ ಅಮ್ಮನೂ ಇಲ್ಲ, ಅಕ್ಕನೂ ಇಲ್ಲ ಎಂದರೆ ಆ ಮನೆಯಲ್ಲಿ ನಾನು ಹೇಗಿರಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಬಾಗಿಲಿಂದ ಟೀವಿ ಕಾಣುತ್ತಿತ್ತು. ಖಾಲಿ ಚಾಪೆಯ ಎದುರು ಅಪ್ಪ ಒಬ್ಬರೇ ಕೂತಿದ್ದರು. ಪರದೆಯ ಮೇಲೆ ದುಷ್ಟರು ಹಾರಣ್ಣನ ತಾಯಿಯನ್ನು ಗುಹೆಯೊಳಗೆ ಕೂಡಿ ಮೇಲಿಂದ ಬಂಡೆ ಉರುಳಿಸಿದರು. ಆನೆ ಗಾತ್ರದ ಬಂಡೆ ಚೆಂಡಿನ ಹಾಗೆ ಪುಟಿಯುತ್ತಾ ಬಂದು ಗುಹೆಯ ಬಾಯಿಗೆ ಕೂತಿತು. ಹಾರಣ್ಣ ಇಳಿದು ಬಂದ. ಬಂಡೆಗೆ ಹೆಗಲು ಕೊಟ್ಟು, ಹಲ್ಲು ಕಚ್ಚಿ, "ಮಾ" ಎಂದು ಕೂಗಿದ. ಹಿಂದಿ ಬಾರದ ನಮಗೂ ಆ ಒಂದು ಮಾತು ಗೊತ್ತಿತ್ತು.

ಅಪ್ಪನ ಬೆನ್ನು ಬಾಗಿತು. ನೆಟ್ಟಗಲ್ಲದ ಆ ಬೆನ್ನನ್ನು ನಾನು ಅದೇ ಮೊದಲು ನೋಡಿದ್ದು. ತಿರುಗಿ ನೋಡದೆ, ತಗ್ಗಿದ ದನಿಯಲ್ಲಿ ಅವರು ಹೇಳತೊಡಗಿದರು.

"ನಿಮ್ಮಮ್ಮ ಇದ್ದಿದ್ರೆ ಈಗ ಅನ್ನೋಳು. ಅದು ಬಂಡೆ ಅಲ್ಲ ಕಣ್ರೀ, ಹತ್ತಿ ಮೂಟೆ, ನಮ್ ಚಿಕ್ಕೋನೂ ಎತ್ತುತಾನೆ ಅಂತ."

ಕೋಣೆಯಲ್ಲಿ ಅಕ್ಕನ ಕೈ ನಿಂತಿತು.

"ಪ್ರತಿ ವಾರ ಆ ಅಡುಗೆಮನೆ ಬಾಗ್ಲಲ್ಲಿ ಕೂತ್ಕಂಡು ಬಾಯಿಗೆ ಸೆರಗು ಮುಚ್ಕಂಡು ನಗೋಳು. ನನಗೆ ಈ ಹಾರೋನು ಯಾಕೆ ಬೇಕಿತ್ತು? ಆ ನಗು ಕೇಳಕ್ಕೆ ಅಂತ ಹಾಕ್ತಿದ್ದೆ. ಇವತ್ತೂ ಒಂದ್ಸಲ ಕೇಳ್ತೈತೇನೋ ಅಂತ ಹಾಕ್ದೆ ಕಣವ್ವ."

ಅಕ್ಕ ಚೀಲ ಹಿಡಿದುಕೊಂಡೇ ನಡುಮನೆಗೆ ಬಂದಳು. ಅವಳ ದಾರಿಗೆ ಅಡ್ಡವಾಗದಂತೆ ನಾನು ಸರಿದೆ. ಅವಳು ಬೀದಿಬಾಗಿಲ ಕಡೆ ಹೋಗುತ್ತಾಳೋ ಚಾಪೆಯ ಕಡೆ ಹೋಗುತ್ತಾಳೋ ತಿಳಿಯದೆ ನಿಂತೆ. ಪರದೆಯ ಮೇಲೆ ಬಂಡೆ ಹಾರಣ್ಣನ ಒಂದೇ ಕೈಯಲ್ಲಿ ಮೇಲೆದ್ದಿತ್ತು. ಗುಹೆಯಿಂದ ಬಂದ ತಾಯಿಯ ಬಿಳಿ ಸೀರೆಗೆ ಒಂದು ಮುದುರೂ ಆಗಿರಲಿಲ್ಲ. ಅಕ್ಕ ನಿಂತು ನೋಡಿದಳು.

"ಹಿಂದೆ ಯಾರೋ ಹಿಡ್ಕಂಡವ್ರೆ ನೋಡಿ ಅಪ್ಪ" ಎಂದಳು. "ಬೆರಳು ಕಾಣ್ತೈತೆ."

ನಿಜ. ಬಂಡೆಯ ಅಂಚಿನಲ್ಲಿ ಎರಡು ಬೆರಳು ಕಾಣುತ್ತಿದ್ದವು. ಅಪ್ಪ ನಕ್ಕರು. ನಗು ಅರ್ಧಕ್ಕೇ ಮುರಿದು ಅಳುವಾಯಿತು. ಮೂರು ದಿನದ ಅಳು. ಅಜ್ಜಿ ಕಂಬದ ಕಡೆಗೇ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಕ್ಕ ಚೀಲ ಕೆಳಗಿಟ್ಟು ಗೋಡೆಯ ಪಕ್ಕ ತನ್ನ ಜಾಗದಲ್ಲಿ ಕೂತಳು, ನನ್ನನ್ನೂ ಎಳೆದು ಕೂರಿಸಿಕೊಂಡಳು. ಧಾರಾವಾಹಿ ಮುಗಿಯುವ ತನಕ ಯಾರೂ ಏಳಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಅಕ್ಕ ಹೋಗಲಿಲ್ಲ. ಮುಂದೆ ಮದುವೆಯಾಗುವ ತನಕವೂ ಆ ಮನೆ ಬಿಟ್ಟು ಹೋಗಲಿಲ್ಲ.

ಮಕ್ಕಳೇ, ಈಗ ಅದೇ ಹಾರಣ್ಣ ನಿಮ್ಮ ಮೊಬೈಲಿನಲ್ಲಿದ್ದಾನೆ. ನಮಗೆ ಬೂದಿ ಬಣ್ಣದಲ್ಲಿ ಕಂಡ ಅವನ ಅಂಗಿ ನೀಲಿ ಎಂದು ನನಗೆ ಗೊತ್ತಾದದ್ದು ನಿಮ್ಮಿಂದ. ನೀವು ಕರೆದಾಗ ಬರುತ್ತಾನೆ. ಉರುಳುವ ಬಂಡೆಯನ್ನು ನೀವು ಒಂದು ಬೆರಳಲ್ಲಿ ನಿಲ್ಲಿಸುತ್ತೀರಿ, ಹಿಂದಕ್ಕೆ ಕಳಿಸುತ್ತೀರಿ, ಮತ್ತೆ ಉರುಳಿಸುತ್ತೀರಿ. ನಮಗೆ ವಾರಕ್ಕೊಂದು ಸಲ, ಕರೆಂಟು ಹೋದರೆ ಅದೂ ಇಲ್ಲ. ನೀವು ಸೋಫಾದ ಮೇಲೊಬ್ಬರು ಮಂಚದ ಮೇಲೊಬ್ಬರು ನೋಡುತ್ತೀರಿ. ನಾವು ಒಂದೇ ಚಾಪೆಯವರು, ಒಬ್ಬರು ಎದ್ದು ಹೋದರೆ ಆ ಜಾಗ ಎಲ್ಲರಿಗೂ ಕಾಣುತ್ತಿತ್ತು. ಇಷ್ಟು ಹಳೆಯ ಪೊಳ್ಳು ಕಥೆಯನ್ನು ಯಾಕೆ ನಗದೆ ನೋಡುತ್ತೀರಿ ತಾತ ಎಂದು ಕೇಳಿದಿರಿ. ಅದಕ್ಕೆ ಇದನ್ನು ಬರೆದೆ.

ಮೊನ್ನೆ ನೀವು ಹುಡುಕಿ ಹುಡುಕಿ ಆ ಬಂಡೆಯ ಸಂಚಿಕೆಯನ್ನೇ ಹಾಕಿದಾಗ ನಾನು ಹಳೇಬೀಡಿನಲ್ಲಿರುವ ಅಕ್ಕನಿಗೆ ಫೋನು ಮಾಡಿ ವಿಷಯ ಹೇಳಿದೆ.

"ನೀನು ಮಾತಾಡ್ಬೇಡ. ಫೋನು ಮಕ್ಕಳ ಹತ್ರ ಇಡು" ಎಂದಳು. "ಅವು ನಗೋದು ಕೇಳ್ತೀನಿ."