ಲೆಕ್ಕಕ್ಕೆ ಬಾರದ ತಿಂಗಳು

ನಿರ್ಮಲಕ್ಕನ ಬಳಿ ಅಮೆರಿಕದ ಗ್ರೀನ್ ಕಾರ್ಡ್ ಇತ್ತು ಎಂದರೆ ಹಳಿಯಾಳದಲ್ಲಿ ಹೊಸಬರು ಯಾರೂ ನಂಬುತ್ತಿರಲಿಲ್ಲ. ಇಳಕಲ್ ಸೀರೆ, ಕೈತುಂಬ ಹಸಿರು ಬಳೆ, ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದು ಜಗಳಕ್ಕೆ ನಿಲ್ಲುವ ಹೆಂಗಸು. ಬಸ್ ನಿಲ್ದಾಣದ ಎದುರಿನ ನನ್ನ ಝೆರಾಕ್ಸ್ ಅಂಗಡಿಗೆ ಬಂದು ಆ ಕಾರ್ಡನ್ನು ಪರ್ಸಿನಿಂದ ತೆಗೆದರೆ ನಾನು ಸುಮ್ಮನಿರುತ್ತಿರಲಿಲ್ಲ. "ಬಂತ ನೋಡ್ರಿ ಅಮೆರಿಕಾದ ರೇಷನ್ ಕಾರ್ಡ್" ಎನ್ನುತ್ತಿದ್ದೆ. "ಎರಡೂ ಬಾಜೂ ತಗಿ, ಬಾಯಿ ಕಡಿಮಿ ಮಾಡು" ಎನ್ನುತ್ತಿದ್ದಳು.

ಗಂಡ ಸಾಗರ ಮಾಮಾ ದಾಂಡೇಲಿಯ ಕಾಗದ ಗಿರಣಿಯಲ್ಲಿ ಫಿಟರ್ ಆಗಿದ್ದವರು. ಯಂತ್ರ ಜೋಡಿಸಲು ಬಂದ ಕಂಪನಿಯವರ ಹಿಂದೆ ಅಮೆರಿಕಕ್ಕೆ ಹೋಗಿ, ಸಣ್ಣ ಊರೊಂದರ ಗಿರಣಿಯಲ್ಲಿ ನೆಲೆನಿಂತು, ಅಲ್ಲಿನ ನಾಗರಿಕರೂ ಆದರು. ಮಕ್ಕಳಿರಲಿಲ್ಲ. ನಿರ್ಮಲಕ್ಕ ಹತ್ತು ವರ್ಷ ಅವರೊಂದಿಗೇ ಇದ್ದಳು. ಆಮೇಲೆ ತೇರಗಾಂವದಲ್ಲಿದ್ದ ಅಕ್ಕ ಮಾಲವ್ವನಿಗೆ ಎದೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ತಾಯಿ ಸತ್ತ ಮೇಲೆ ನಿರ್ಮಲಕ್ಕನನ್ನು ಸಾಕಿದವಳು ಅದೇ ಅಕ್ಕ, ಆಗಲೇ ವಿಧವೆ. ಅಲ್ಲಿಂದ ನಿರ್ಮಲಕ್ಕ ವರ್ಷದಲ್ಲಿ ಎರಡು ತಿಂಗಳು ಗಂಡನ ಬಳಿ, ಉಳಿದ ತಿಂಗಳು ಅಕ್ಕನ ಬಳಿ ಇರತೊಡಗಿದಳು.

ಗಂಡ ನಾಗರಿಕನಾದ ಮಾತ್ರಕ್ಕೆ ಹೆಂಡತಿಯ ಕಾರ್ಡು ಉಳಿಯುವುದಿಲ್ಲ. ವರ್ಷ ತುಂಬುವುದರೊಳಗೆ ಆ ನೆಲವನ್ನು ಮತ್ತೆ ಮೆಟ್ಟಬೇಕು. ಅಷ್ಟು ಮಾಡಿದರೂ ಪ್ರತಿ ಸಲ ಅಲ್ಲಿ ಇಳಿದಾಗ ಅಧಿಕಾರಿಗಳು, ನಿಮ್ಮ ವಾಸ ನಿಜವಾಗಿ ಎಲ್ಲಿ ಎಂದು ಕೇಳುತ್ತಿದ್ದರಂತೆ. "ಗಂಡನ ಮನಿಯಾಗ ಅಂತೇನಿ. ಸುಳ್ಳೇನಲ್ಲಲ್ಲ?" ಎಂದು ನನ್ನನ್ನೇ ಕೇಳಿದ್ದಳು.

2022ರಲ್ಲಿ ಅವಳು ಊರಿಗೆ ಬಂದದ್ದು ನಾಗರಪಂಚಮಿಗೆ ಎರಡು ದಿನ ಮೊದಲು. ಆ ವರ್ಷ ಮಾಲವ್ವನ ಕಾಯಿಲೆ ಮತ್ತೆ ಕೆರಳಿತು. ತಿಂಗಳುಗಟ್ಟಲೆ ಹುಬ್ಬಳ್ಳಿಯ ಆಸ್ಪತ್ರೆಗೆ ಓಡಾಟ. ಮುಂದಿನ ಬೇಸಿಗೆಯಲ್ಲಿ ಮಾಲವ್ವ ಎದ್ದು ಕುಳಿತಾಗ ನಿರ್ಮಲಕ್ಕ ಹೊರಡುವ ಮಾತೆತ್ತಿದಳು. ಅಷ್ಟರಲ್ಲಿ ಅಧಿಕ ಶ್ರಾವಣ ಬಂತು.

"ಅಧಿಕ ಮಾಸದಾಗ ಮನಿಮಗಳನ್ನ ದೂರ ಕಳಸೂದಿಲ್ಲವ್ವ" ಎಂದಳು ಮಾಲವ್ವ. "ನಿಜ ಶ್ರಾವಣ ಹತ್ತಲಿ. ಪಂಚಮಿ ಉಂಡಿ ಕಟ್ಟಿ ಕೊಡ್ತೇನಿ, ನಿನ್ನ ಗಂಡಗೂ ಒಯ್ಯಿ."

ನನ್ನ ಅಂಗಡಿಯಲ್ಲೇ ಕುಳಿತು ಅವಳು ಗಂಡನಿಗೆ ವಿಡಿಯೋ ಕಾಲ್ ಮಾಡಿದಳು. ಟಿಕೆಟ್ಟಿಗೆ ನಾನು ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದೆ.

"ವರ್ಷ ದಾಟಂಗಿಲ್ಲಲ್ಲ?" ಎಂದರು ಮಾಮಾ.

"ಹ್ವಾದ ವರ್ಷ ಪಂಚಮಿಗೆ ಎರಡ ದಿನ ಮೊದಲ ಬಂದೇನಿ. ಈ ಸಲ ಮೂರ ದಿನ ಮೊದಲ ಹೊಂಡ್ತೇನಿ. ಒಂದ ದಿನ ಉಳೀತು."

"ಅಧಿಕ ಮಾಸ?"

"ಅದ ಲೆಕ್ಕಕ್ಕ ಬರೂದಿಲ್ಲಲ್ರೀ."

"ಹೌದಲ್ಲ" ಎಂದು ಮಾಮಾ ನಕ್ಕರು. "ಉಂಡಿಗೆ ಎಳ್ಳ ಜಾಸ್ತಿ ಹಾಕ ಅನ್ನು."

ಇಪ್ಪತ್ತು ವರ್ಷ ಅಮೆರಿಕದಲ್ಲಿದ್ದ ಮನುಷ್ಯ! ಗೋಡೆಯ ಮೇಲೆ ಕ್ಯಾಲೆಂಡರ್ ತೂಗುಹಾಕಿಕೊಂಡು ಕುಳಿತ ನಾನೋ, ಹೋದ ವರ್ಷದ ತಾರೀಖು ಯಾವುದು ಎಂದು ಒಂದು ಮಾತು ಕೇಳಲಿಲ್ಲ. ಆಗಸ್ಟ್ ಹದಿನೆಂಟಕ್ಕೆ ಟಿಕೆಟ್ ಕಾಯ್ದಿರಿಸಿದವಳು ನಾನೇ. ಮದುವೆ ಮುಂಜಿಗೆ ಲೆಕ್ಕಕ್ಕೆ ತೆಗೆದುಕೊಳ್ಳದ ತಿಂಗಳನ್ನು ನಾವು ಮೂವರೂ ಸರ್ಕಾರದ ಲೆಕ್ಕದಿಂದಲೂ ತೆಗೆದುಹಾಕಿದೆವು.

ಮುಂಬೈಯಲ್ಲಿ ವಿಮಾನದ ಕೌಂಟರಿನವರು ಪಾಸ್‌ಪೋರ್ಟಿನ ಮೊಹರು ನೋಡಿ, ಅಮೆರಿಕ ಬಿಟ್ಟದ್ದು ಹೋದ ವರ್ಷ ಜುಲೈ ಕೊನೆಗೆ, ವರ್ಷ ದಾಟಿ ಇಪ್ಪತ್ತು ದಿನವಾಗಿದೆ, ಹತ್ತಿಸಲಾಗದು ಎಂದರು. ಅವಳು ಉಂಡಿಯ ಡಬ್ಬಿ ಹಿಡಿದುಕೊಂಡು ರಾತ್ರಿ ಬಸ್ಸಿಗೆ ವಾಪಸ್ ಬಂದಳು. ಮಾಲವ್ವ ಬಾಗಿಲಲ್ಲೇ ಕುಸಿದು ಕೂತು ಹಣೆ ಹಣೆ ಬಡಿದುಕೊಂಡಳು. ನಿರ್ಮಲಕ್ಕ ಅವಳನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಡವಾದವರಿಗೂ ಒಂದು ಅರ್ಜಿ ಇತ್ತು. ನಿಮ್ಮ ಕೈ ಮೀರಿದ ಕಾರಣವೇನು ಎಂದು ಅದರಲ್ಲಿ ಕೇಳಿದ್ದರು. ಅಕ್ಕನ ಕಾಯಿಲೆ ಎಂದು ನಾನು ಬರೆದೆ, ಆಸ್ಪತ್ರೆಯ ಕಾಗದಗಳನ್ನೆಲ್ಲ ಲಗತ್ತಿಸಿದೆ. ಸಂದರ್ಶನದಲ್ಲಿ, ಅಕ್ಕ ಬೇಸಿಗೆಯಲ್ಲೇ ಚೇತರಿಸಿಕೊಂಡರಲ್ಲ, ಜುಲೈಯಲ್ಲಿ ಏಕೆ ಹೊರಡಲಿಲ್ಲ ಎಂದು ಕೇಳಿದರಂತೆ. ಇವಳು ಅಧಿಕ ಮಾಸವಿತ್ತು ಎಂದು ಇದ್ದದ್ದನ್ನೇ ಹೇಳಿಬಿಟ್ಟಳು. ಅರ್ಜಿ ತಿರಸ್ಕೃತವಾಯಿತು.

ಇನ್ನುಳಿದದ್ದು, ಗಂಡ ಹೆಂಡತಿಯನ್ನು ಮೊದಲಿನಿಂದ ಕರೆಸಿಕೊಳ್ಳುವ ಹೊಸ ಅರ್ಜಿ. ನನ್ನ ಇಮೇಲ್ ಕೊಟ್ಟೆವು. ಡಿಸೆಂಬರಿನಲ್ಲಿ ಮಾಮಾ ಹದಿನೈದು ದಿನದ ರಜೆ ಹಾಕಿ ಬಂದರು. ಸಣ್ಣಗಾಗಿದ್ದರು. "ತಪ್ಪು ಆಕೀದಲ್ಲ, ನಾನೂ ಹಂಗ ಎಣಿಸಿದ್ದೆ" ಎಂದು ಅಂಗಡಿಗೆ ಬಂದು ನನಗೂ ಸಮಾಧಾನ ಹೇಳಿದರು. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ಅದು ಮುಗಿದರೆ ದಾಂಡೇಲಿಯಲ್ಲೇ ಇರುವೆ ಎಂದರು.

ಮುಂದಿನ ವರ್ಷವಿಡೀ ಅರ್ಜಿ ಪರಿಶೀಲನೆಯಲ್ಲೇ ಇತ್ತು. ಪ್ರತಿ ಸೋಮವಾರ ನಿರ್ಮಲಕ್ಕ ತೇರಗಾಂವದಿಂದ ಬಸ್ಸಿನಲ್ಲಿ ಬಂದು ನನ್ನ ಕಂಪ್ಯೂಟರಿನ ಮುಂದೆ ನಿಲ್ಲುತ್ತಿದ್ದಳು. ಇಲ್ಲ ಎಂದು ನಾನು ತಲೆಯಾಡಿಸುತ್ತಿದ್ದೆ.

2025ರ ಫೆಬ್ರವರಿಯಲ್ಲಿ ಎರಡು ದಿನ ಮಾಮಾನ ಫೋನ್ ಬರಲಿಲ್ಲ. ಮೂರನೆಯ ದಿನ ಅವರ ಗಿರಣಿಯ ಜೊತೆಗಾರರೊಬ್ಬರು ಫೋನ್ ಮಾಡಿದರು. ಗಿರಣಿಗೆ ಬರದೇ ಇದ್ದುದನ್ನು ಕಂಡು ಬಾಗಿಲು ತೆಗೆಸಿದ್ದರು. ಮಾಮಾ ಅಡುಗೆಮನೆಯಲ್ಲಿ ಬಿದ್ದಿದ್ದರು. ಬೀಳುವಾಗ ಪಕ್ಕದಲ್ಲಿ ಒಬ್ಬರಿದ್ದಿದ್ದರೆ ಉಳಿಯುತ್ತಿದ್ದರು ಎಂದು ಡಾಕ್ಟರು ಹೇಳಿದರಂತೆ. ಆ ಮಾತನ್ನು ಅವಳಿಗೆ ಮುಟ್ಟಿಸದಿದ್ದರೆ ಆ ಜೊತೆಗಾರರ ಗಂಟೇನು ಹೋಗುತ್ತಿತ್ತು? ನನಗೆ ಇವತ್ತಿಗೂ ಸಿಟ್ಟಿದೆ. ದಹನವನ್ನು ಅವಳು ನೋಡಿದ್ದು ಫೋನಿನಲ್ಲಿ. ಮಾಲವ್ವ ಮಗ್ಗುಲಲ್ಲೇ ಇದ್ದಳು, ತಂಗಿಯನ್ನು ಮುಟ್ಟುವ ಧೈರ್ಯವಿಲ್ಲದೆ.

ಮಾರ್ಚಿನಲ್ಲಿ ನನ್ನ ಇಮೇಲಿಗೆ ಪತ್ರ ಬಂತು. ವೀಸಾ ಸಂದರ್ಶನಕ್ಕೆ ದಿನ ಗೊತ್ತಾಗಿತ್ತು. ಅದನ್ನು ಅವಳಿಗೆ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಸೋಮವಾರ ಅವಳೇ ಬಂದಳು, ರೂಢಿಯಂತೆ. ಓದಿ ಹೇಳಿದೆ.

"ಹೆಂಡ್ತಿಗೆ ಹಕ್ಕು ಇನ್ನೂ ಇರತೈತಿ ಅಂತಾರಕ್ಕ, ಕೇಳಿ ನೋಡೂಣು?" ಎಂದೆ.

"ಅಲ್ಲಿ ಯಾರ ಮನಿಗೆ ಹೋಗ್ಲಿ? ಬ್ಯಾಡ. ಗಂಡ ತೀರಿಕೊಂಡಾರ, ಬರೂದಿಲ್ಲ ಅಂತ ಬರಿ."

ಬರೆದೆ. ತೀರಿಕೊಂಡ ದಿನ ಯಾವುದೆಂದು ಹಾಕಬೇಕಿತ್ತು. "ಮಾಘ ಬಹುಳ..." ಎಂದು ತಿಥಿ ಹೇಳಲು ಹೊರಟವಳು ತಟ್ಟನೆ ನಿಂತಳು. ನನ್ನ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಹಾಳೆ ಹಿಂದೆ ಮಗುಚಿ, ತಾರೀಖಿನ ಒಂದು ಮನೆಯ ಮೇಲೆ ಬೆರಳಿಟ್ಟಳು.

"ಇಂಗ್ಲೀಷ್ ತಾರೀಖ ಹಾಕವಾ" ಎಂದಳು. "ಇದಾದ್ರೂ ತಪ್ಪಬಾರದು."