ತೊಂಬತ್ತು ಗ್ರಾಂ ಚೀಸು

ಹುಲಿಗೆವ್ವನ ಮೇಲೆ ಕಳ್ಳತನದ ಮಾತು ಬಂದದ್ದು ೧೯೭೯ರ ಏಪ್ರಿಲಿನಲ್ಲಿ, ತೊಂಬತ್ತು ಗ್ರಾಂ ಚೀಸಿನ ದೆಸೆಯಿಂದ. ಆ ಚೀಸನ್ನು ತೂಗಿದ ತಕ್ಕಡಿ ನಮ್ಮದು. ಹಾಗಾಗಿ ಈ ಕಥೆಯನ್ನು ನಾನೇ ಹೇಳಬೇಕು, ನನಗೆ ಅದರಿಂದ ಮರ್ಯಾದೆ ಬರುವುದಿಲ್ಲವಾದರೂ.

ನಾವು ವಿಜಾಪುರದ ಕಡೆಯವರು. ಹೊಟ್ಟೆಪಾಡಿಗೆ ಮರಾಠಿ ಸೀಮೆಗೆ ಬಂದವರು; ಇಲ್ಲಿನ ಶಿವಾಜಿನಗರದಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಅಂಗಡಿಯ ಹಿಂದೆಯೇ ನಮ್ಮ ಮನೆ, ಮೇಲಿನ ಮೂರು ಮಹಡಿಗಳಲ್ಲಿ ಹನ್ನೊಂದು ಮನೆಗಳು. ಹುಲಿಗೆವ್ವ ಯಾದಗಿರಿ ಕಡೆಯವಳು. ಗಂಡ ಭೀಮಣ್ಣ ಗೌಂಡಿ ಕೆಲಸದವನು, ಆಗ ಕಾತ್ರಜದ ಕಡೆ ಎಲ್ಲೋ ಕಟ್ಟಡಕ್ಕೆ ಹೋಗಿ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಈಕೆ ಮೊದಲು ಇಟ್ಟಿಗೆ ಹೊತ್ತವಳು, ಆಮೇಲೆ ನಮ್ಮ ಕಟ್ಟಡದಲ್ಲಿ ಕಸ ಮುಸುರೆಗೆ ಬಂದಳು. ನಾಲ್ಕು ಮನೆ ಅವಳದು, ಅದರಲ್ಲಿ ನಮ್ಮದೂ ಒಂದು. ಉಳಿದ ಮನೆಗಳಿಗೆ ತನ್ನ ಊರಿನ ತಿಪ್ಪವ್ವ, ಮರೆಮ್ಮ ಇಬ್ಬರನ್ನೂ ತಂದು ನಿಲ್ಲಿಸಿದ್ದಳು. ಪ್ರತಿ ಬಾಗಿಲಲ್ಲೂ ಒಂದೇ ಮಾತು ಹೇಳಿದ್ದಳು: "ಇವ್ರದು ಏನರ ಹೆಚ್ಚುಕಮ್ಮಿ ಆದ್ರ ನನ್ನ ಹಿಡೀರಿ."

ಆ ಮಾತಿನ ಮೇಲೆ ಮೂರು ಸಂಸಾರ ನಿಂತಿದ್ದವು.

ಮೂರನೆಯ ಮಹಡಿಯ ಲೀಲಾಕ್ಷಿ ಉಡುಪಿ ಕಡೆಯವಳು. ಗಂಡ ಪಿಂಪರಿಯ ಕಾರ್ಖಾನೆಯಲ್ಲಿ ಸಾಹೇಬ. ಫ್ರಿಜ್ಜು ಇದ್ದದ್ದು ಕಟ್ಟಡದಲ್ಲಿ ಮೂರೇ ಮನೆಯಲ್ಲಿ, ಆದರೆ ಅದನ್ನು ದಿನಕ್ಕೆ ಹತ್ತು ಸಲ ನೆನಪಿಸುತ್ತಿದ್ದವಳು ಇವಳೊಬ್ಬಳೇ. ಹಾಲೆಂಡಿನಲ್ಲಿದ್ದ ಅವಳ ನಾದಿನಿ ಕುಶಲ ಬಂದವಳು ಚೀಸಿನ ಒಂದು ಗುಂಡು ತಂದಳು. ಮೇಲಿನ ಕೆಂಪು ಮೇಣ ಸುಲಿದು ಮನೆಯವರೆಲ್ಲ ರುಚಿ ನೋಡಿದರು. ಉಳಿದದ್ದು ಹದಿನೆಂಟು ದಿನದ ಮೇಲಿನ ಭಾನುವಾರದ ಔತಣಕ್ಕೆ, ಸಾಹೇಬರ ಕಾರ್ಖಾನೆಯ ಇಪ್ಪತ್ತು ಜನಕ್ಕೆ. ಒಬ್ಬೊಬ್ಬರಿಗೆ ಎಷ್ಟು ಬರುತ್ತದೆಂದು ನೋಡಲು ಲೀಲಾಕ್ಷಿ ಅದನ್ನು ನಮ್ಮ ಅಂಗಡಿಗೇ ತಂದಳು. ಆ ವಾಸನೆಗೆ ನಮ್ಮ ಯಜಮಾನರು ಮೂಗು ಮುರಿದು, ತಕ್ಕಡಿಯ ಎರಡೂ ತಟ್ಟೆಗೆ ಕಾಗದ ಹಾಸಿ ತೂಗಿದರು. ಸರಿಯಾಗಿ ಎಂಟುನೂರು ಗ್ರಾಂ.

"ಹುಲಿಗೆವ್ವ, ಇದು ಹಾಳಾಗಬಾರದು. ಜವಾಬ್ದಾರಿ ನಿನ್ನದು," ಎಂದು ಅವಳ ಕೈಗೆ ಕೊಟ್ಟಳು. ಹೇಗೆ ಇಡಬೇಕೆಂದು ಹೇಳಲಿಲ್ಲ. ಕುಶಲ ಮರುದಿನವೇ ಉಡುಪಿಗೆ ಹೊರಟು ಹೋದಳು.

ಹುಲಿಗೆವ್ವನಿಗೆ ಗೊತ್ತಿದ್ದದ್ದು ಜೋಳದ ರೊಟ್ಟಿ. ರೊಟ್ಟಿಯನ್ನು ಮುಚ್ಚಿಟ್ಟರೆ ಬೆವರುತ್ತದೆ, ಬೆವರಿದರೆ ಬೂಷ್ಟು ಹಿಡಿಯುತ್ತದೆ, ಅದಕ್ಕೇ ತೆಳ್ಳನೆಯ ಬಟ್ಟೆಯಲ್ಲಿ ಸುತ್ತಿ ಗಾಳಿಗೆ ಇಡಬೇಕು. ಚೀಸಿಗೂ ಅದನ್ನೇ ಮಾಡಿದಳು. ಹಳೆಯ ಮಲಮಲ್ಲಿನ ತುಂಡು ಒಗೆದು ಬಿಸಿಲಿಗೆ ಒಣಗಿಸಿ, ಅದರಲ್ಲಿ ಸುತ್ತಿ ಫ್ರಿಜ್ಜಿನ ಮೇಲಿನ ಹಲಗೆಯ ಮೇಲೆ, ಐಸು ಖಾನೆಯ ಪಕ್ಕದಲ್ಲೇ ಇಟ್ಟಳು. ದಿನಾ ಬಟ್ಟೆ ಬದಲಿಸಿದಳು. ಹೆತ್ತ ಕೂಸಿಗೂ ಅಷ್ಟು ಆರೈಕೆ ಮಾಡಿದ್ದಳೋ ಇಲ್ಲವೋ.

ಹನ್ನೆರಡನೆಯ ದಿನ ಲೀಲಾಕ್ಷಿ ಬಟ್ಟೆ ಬಿಚ್ಚಿ ನೋಡಿದಳು. ಗುಂಡು ಸಣ್ಣದಾದಂತೆ ಕಂಡಿತು. ದಡದಡ ಕೆಳಗಿಳಿದು ಬಂದು ತೂಗಿಸಿದಳು. ಏಳುನೂರ ಹತ್ತು.

ಅವಳು ಅಂಗಡಿಯಲ್ಲಿ ಏನೂ ಅನ್ನಲಿಲ್ಲ. ಮೆಟ್ಟಿಲ ಮೇಲೆ ನಿಂತು, ಎಲ್ಲರ ಬಾಗಿಲಿಗೂ ಕೇಳುವ ಹಾಗೆ ಮರಾಠಿಯಲ್ಲಿ ಕೂಗಿದಳು, ಹುಲಿಗೆವ್ವ ಕಳ್ಳಿ ಅಂತ. ಕನ್ನಡದಲ್ಲಿ ಬೈದಿದ್ದರೆ ನಮ್ಮಲ್ಲೇ ಉಳಿಯುತ್ತಿತ್ತು. ಬೇಕೆಂದೇ ಮರಾಠಿಯಲ್ಲಿ ಕೂಗಿದಳು.

ಹುಲಿಗೆವ್ವ ಒದ್ದೆ ಕೈಯಲ್ಲೇ ಓಡಿ ಬಂದಳು. "ಬಾಯಾರ, ನಾ ಅದರಾಗಿನ ಒಂದು ಚೂರೂ ಬಾಯಾಗ ಹಾಕಿಲ್ರಿ. ಅಂಚು ನೋಡ್ರಿ, ಕೊಬ್ಬರಿ ಆದಂಗ ಆಗೇದ. ಅದು ಒಣಗೇದರೀ."

"ಫ್ರಿಜ್ಜಿನ ಒಳಗೆ ಒಣಗ್ತದಾ? ಅಲ್ಲೇನು ಬಿಸಿಲು ಬೀಳ್ತದಾ?"

ಯಾರೋ ನಕ್ಕರು. ನಮ್ಮ ಯಜಮಾನರು ಮೂವತ್ತು ವರ್ಷ ಹುಣಸೆಹಣ್ಣು, ಬೆಲ್ಲ, ಮೆಣಸಿನಕಾಯಿ ತೂಗಿದವರು. ಒಣಗಿದ್ದು ತೂಕ ಬಿಡುತ್ತದೆಂದು ಅವರಿಗೆ ಗೊತ್ತಿಲ್ಲವೇ? ಆದರೆ ಲೀಲಾಕ್ಷಿ ತಿಂಗಳ ಸಾಮಾನೆಲ್ಲ ನಮ್ಮಲ್ಲೇ ಒಯ್ಯುವ ಗಿರಾಕಿ. "ಚೀಸಿನ ಸಂಗತಿ ನನಗ ತಿಳಿಯಂಗಿಲ್ಲವಾ," ಎಂದು ಅವರು ಬೇಳೆಯ ಚೀಲದ ಕಡೆ ತಿರುಗಿಬಿಟ್ಟರು. ನಾನೇನು ಅವರಿಗಿಂತ ದೊಡ್ಡವಳಲ್ಲ. ಆ ಸಂಜೆ ಹುಲಿಗೆವ್ವ ನಮ್ಮ ಮನೆಯ ಪಾತ್ರೆ ತಿಕ್ಕಲು ಬಂದಾಗ ಅರ್ಧ ಬಾಗಿಲು ತೆರೆದು, "ಒಂದ್ ನಾಕ್ ದಿನ ಬರಬ್ಯಾಡವಾ, ಗದ್ಲ ತಣ್ಣಗಾಗ್ಲಿ," ಅಂದೆ. ಅವಳು ನನ್ನ ಮುಖವನ್ನು ನೋಡಿದಳು. "ಹೌದ್ರಿ," ಅಂದಳು, ಹೋದಳು.

ಮರುದಿನ ಬೆಳಗಿನ ಹೊತ್ತಿಗೆ ತಿಪ್ಪವ್ವ, ಮರೆಮ್ಮ ಇಬ್ಬರಿಗೂ ಬಾಗಿಲುಗಳು ಮುಚ್ಚಿದ್ದವು. ಮೂವರೂ ಅಂಗಡಿಯ ಎದುರಿನ ಬೇವಿನ ಮರದ ಕೆಳಗೆ ನಿಂತರು. ತಿಪ್ಪವ್ವ ಅಳುತ್ತಿದ್ದಳು. ಹುಲಿಗೆವ್ವ ಅಳಲಿಲ್ಲ. ಲೀಲಾಕ್ಷಿ ಹಾಲಿಗೆಂದು ಕೆಳಗಿಳಿದಾಗ ಅಡ್ಡ ನಿಂತಳು.

"ಬಾಯಾರ, ನಿಮ್ಮ ಫ್ರಿಜ್ಜಿಗೆ ಕೀಲಿ ಅದ. ಹಾಕ್ರಿ. ಕೀಲಿಕೈ ನಿಮ್ಮ ಹತ್ರನ ಇರ್ಲಿ. ಆ ಗಿಣ್ಣದಂಥಾದ್ದನ್ನ ನಾ ಸುತ್ತಿದಂಗ ಸುತ್ತಿಡ್ರಿ. ನಾ ಮೆಟ್ಟಲಾ ಹತ್ತಂಗಿಲ್ಲ. ನಿಮ್ಮ ಊಟದ ದಿನ ಇಲ್ಲೇ ತೂಗ್ರಿ."

"ಕಡಿಮೆ ಆಗದಿದ್ದರೆ?"

"ಆಗದಿದ್ರ ನಾವು ಮೂವರೂ ಈ ಓಣ್ಯಾಗ ಕಾಲಿಡಂಗಿಲ್ಲ."

ಮರೆಮ್ಮ ಹಿಂದಿನಿಂದ ಅವಳ ಸೆರಗು ಜಗ್ಗಿದಳು. ಅವಳು ತಿರುಗಿ ನೋಡಲಿಲ್ಲ.

ಲೀಲಾಕ್ಷಿ ಒಪ್ಪಿದಳು, ಆದರೆ ಪೂರ್ತಿ ಗುಂಡನ್ನಲ್ಲ. ಔತಣಕ್ಕೆ ಅರ್ಧವಾದರೂ ಚೆನ್ನಾಗಿ ಉಳಿಯಬೇಕು, ಅದನ್ನು ತಾನೇ ಇಟ್ಟುಕೊಳ್ಳುವೆ ಅಂದಳು. ಗುಂಡನ್ನು ನಮ್ಮೆದುರೇ ಎರಡು ಹೋಳು ಮಾಡಿ ತೂಗಿಸಿದಳು. ಎರಡೂ ಮುನ್ನೂರ ಐವತ್ತೈದು. ಒಂದು ಮಲಮಲ್ಲಿನಲ್ಲಿ, ಇನ್ನೊಂದು ಅವಳ ರೀತಿಯಲ್ಲಿ. ಫ್ರಿಜ್ಜಿಗೆ ಬೀಗ ಬಿತ್ತು.

ಆ ಐದು ದಿನ ನನ್ನ ಜೀವ ತಿಂದವು. ದಿನಾ ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ಫ್ರಿಜ್ಜು ನಿಂತರೆ ಚೀಸು ಒಣಗುವ ಬದಲು ನೀರು ಬಿಟ್ಟರೇನು ಗತಿ, ಬಟ್ಟೆ ತೊಯ್ದು ತೂಕ ಹಾಗೇ ಉಳಿದರೇನು ಗತಿ? ಗಿರಾಕಿಗೆ ಸಕ್ಕರೆ ಕಟ್ಟುವಾಗಲೂ ಅದೇ ಚಿಂತೆ. ಹುಲಿಗೆವ್ವ ಮೆಟ್ಟಿಲು ಹತ್ತಲಿಲ್ಲ. ಸ್ಟೇಶನ್ನಿನ ಹಿಂದಿನ ಜೋಪಡಿ ವಸ್ತಿಯಿಂದ ದಿನಾ ಬಂದು ಮರದ ಕೆಳಗೆ ಕೂತು, ಮಧ್ಯಾಹ್ನದ ತನಕ ಮೂರನೆಯ ಮಹಡಿಯ ಕಿಟಕಿ ನೋಡಿ ಹೋಗುತ್ತಿದ್ದಳು. ಒಂದು ದಿನ ನಾನು ಚಹಾ ಕಳಿಸಿದೆ. ಲೋಟ ತುಂಬಿದ್ದು ತುಂಬಿದ ಹಾಗೇ ವಾಪಸು ಬಂತು.

ಭಾನುವಾರ ಬೆಳಿಗ್ಗೆ ಲೀಲಾಕ್ಷಿ ಒಂದು ಕೈಯಲ್ಲಿ ಸ್ಟೀಲಿನ ಡಬ್ಬಿ, ಇನ್ನೊಂದರಲ್ಲಿ ಬಟ್ಟೆಯ ಗಂಟು ಹಿಡಿದು ಇಳಿದಳು. ಬಾಲ್ಕನಿಗಳಲ್ಲೆಲ್ಲ ತಲೆಗಳು. ಯಜಮಾನರು ಕಾಗದ ಹಾಸಿದರು.

ಮೊದಲು ಡಬ್ಬಿಯ ಹೋಳು. ಮುನ್ನೂರ ಐವತ್ತೈದರ ಕಲ್ಲು ಇಟ್ಟರು. ಮುಳ್ಳು ನಡುವೆಯೇ ನಿಂತಿತು.

"ನೋಡಿದಿರಲ್ಲ?" ಲೀಲಾಕ್ಷಿಯ ಮುಖ ಅರಳಿತು. "ಒಂದು ಗ್ರಾಮೂ ಹೋಗಿಲ್ಲ. ಚೀಸು ಒಣಗ್ತದಂತೆ!"

ತಿಪ್ಪವ್ವ ಅಲ್ಲೇ ನೆಲಕ್ಕೆ ಕುಸಿದು ಕೂತಳು. ಹುಲಿಗೆವ್ವ ಬಟ್ಟೆಯ ಗಂಟಿನ ಕಡೆ ಕೈ ತೋರಿಸಿದಳು. "ನಂದು ತೂಗ್ರಿ," ಅಂದಳು.

ಯಜಮಾನರು ಬಟ್ಟೆ ಬಿಚ್ಚಿದರು. ಹೋಳಿನ ಮೈಯೆಲ್ಲ ಬಿರುಕು. ತಟ್ಟೆಯಲ್ಲಿಟ್ಟದ್ದೇ ತಡ, ಅದು ಮೇಲೆ ಹೋಯಿತು. ಐದು ಗ್ರಾಂ ತೆಗೆದರು, ಇಳಿಯಲಿಲ್ಲ. ಹತ್ತು ತೆಗೆದರು, ಇಳಿಯಲಿಲ್ಲ. ಇನ್ನೂ ತೆಗೆದರು. ಮುನ್ನೂರ ಮೂವತ್ತಕ್ಕೆ ಮುಳ್ಳು ನಿಂತಿತು.

ಕೀಲಿಕೈ ಲೀಲಾಕ್ಷಿಯ ಸೊಂಟದಲ್ಲೇ ಇತ್ತು.

"ಹಂಗಾದ್ರ ನಿಮ್ಮದು ಯಾಕ ಒಣಗಲಿಲ್ರಿ?" ಯಜಮಾನರು ಆರು ದಿನದ ಮೇಲೆ ಬಾಯಿ ಬಿಟ್ಟರು.

"ಬಟರ್ ಪೇಪರಿನಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಕೆಳಗೆ ತರಕಾರಿ ಖಾನೆಯಲ್ಲಿ ಇಟ್ಟಿದ್ದೆ. ಬರಿಯ ಬಟ್ಟೆಯಲ್ಲಿ ಇಟ್ಟರೆ ಒಳಗಿನ ಪಸೆ ಹೋಗ್ತದೆ ಅಂತ ಕುಶಲ..." ಅವಳು ಅಲ್ಲಿಗೇ ನಿಲ್ಲಿಸಿದಳು.

"ಕುಶಲ ಅವ್ರು ಯಾವಾಗ ಹೇಳಿದ್ರು?" ಈ ಸಲ ಕೇಳಿದ್ದು ನಾನು.

ಅವಳು ಡಬ್ಬಿಯ ಮುಚ್ಚಳ ಹುಡುಕತೊಡಗಿದಳು. ಉತ್ತರ ಬೇಕಾಗಿಯೂ ಇರಲಿಲ್ಲ. ನಾದಿನಿ ಬಂದ ದಿನವೇ ಹೇಳಿದ್ದಳು, ಇವಳು ಕೆಲಸದವಳಿಗೆ ಹೇಳುವಷ್ಟು ವ್ಯವಧಾನ ಮಾಡಿಕೊಳ್ಳಲಿಲ್ಲ. ಆಮೇಲೆ ಕೋಪದಲ್ಲಿ ಮರೆತಳೋ, ಮರೆತ ಹಾಗೆ ಮಾಡಿದಳೋ ದೇವರಿಗೇ ಗೊತ್ತು. ನನಗೆ ಎರಡು ಬಿಗಿಯಬೇಕು ಅನ್ನಿಸಿತು.

ಲೀಲಾಕ್ಷಿ ಚೀಸು ಎತ್ತಿಕೊಂಡು, ಸಣ್ಣ ದನಿಯಲ್ಲಿ, ಕನ್ನಡದಲ್ಲಿ ಹೇಳಿದಳು: "ಆಯ್ತು ಹುಲಿಗೆವ್ವ. ಏನೋ ತಪ್ಪಾಯ್ತು. ನಾಳೆಯಿಂದ ಬಾ."

"ಇಲ್ಲಿ ಅಂದ್ರ ಏನಾತ್ರಿ ಬಾಯಾರ? ಮರಾಠಿಯೊಳಗ ಅನ್ರಿ. ಬಾಗಿಲಾ ಬಾಗಿಲಕ್ಕ ಬಂದು ಅನ್ರಿ. ನಂದಷ್ಟ ಅಲ್ಲ, ಇವ್ರಿಬ್ರ ಹೆಸರನೂ ತಗೊಂಡು ಅನ್ರಿ."

ಮಧ್ಯಾಹ್ನ ಇಪ್ಪತ್ತು ಜನ ಊಟಕ್ಕೆ ಬರುವವರಿದ್ದರು. ಬಾಲ್ಕನಿಗಳು ನೋಡುತ್ತಿದ್ದವು. ಲೀಲಾಕ್ಷಿ ಡಬ್ಬಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು, ಹಿಂದೆ ಮೂವರು ಹೆಂಗಸರು. ಒಂದೊಂದೇ ಬಾಗಿಲು ತೆರೆಯಿತು. ಇವರು ಏನೂ ಕದ್ದಿಲ್ಲ, ತಪ್ಪು ನನ್ನದು ಎಂದು ಅವಳು ಮರಾಠಿಯಲ್ಲಿ ಹೇಳುವುದು ಕೆಳಗೆ ನನಗೂ ಕೇಳುತ್ತಿತ್ತು. ಪ್ರತಿ ಬಾಗಿಲಿಗೂ ದನಿ ಇನ್ನಷ್ಟು ಸಣ್ಣದಾಗುತ್ತಿತ್ತು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಕೊನೆಗೆ ಇಳಿದು ಬಂದರು. ನಾನು ನಗುನಗುತ್ತ ಬಾಗಿಲಲ್ಲೇ ನಿಂತಿದ್ದೆ.

"ಇಲ್ಲಿಗೆ ಮುಗೀತಲ್ಲ," ಅಂದಳು ಲೀಲಾಕ್ಷಿ. "ಇವರು ತಕ್ಕಡಿಯನ್ನೇ ನೋಡಿದ್ದಾರೆ."

"ಇಲ್ರಿ," ಅಂದಳು ಹುಲಿಗೆವ್ವ. "ಇವ್ರೂ ಬಾಗಿಲಾ ಹಾಕಿದ್ರು. ಇಲ್ಲೂ ಅನ್ರಿ."

ಲೀಲಾಕ್ಷಿ ಮತ್ತೊಮ್ಮೆ ಹೇಳಿದಳು. ನನ್ನ ಹೊಸ್ತಿಲಲ್ಲಿ, ಕನ್ನಡ ಬಲ್ಲ ನನಗೆ, ಮರಾಠಿಯಲ್ಲಿ. ನಾನು ನಿಂತು ಕೇಳಿದೆ. ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಮರುದಿನ ತಿಪ್ಪವ್ವ, ಮರೆಮ್ಮ ತಮ್ಮ ತಮ್ಮ ಮನೆಗಳಿಗೆ ಕೆಲಸಕ್ಕೆ ಬಂದರು. ಹುಲಿಗೆವ್ವನೂ ಬಂದಳು, ಎರಡು ಮನೆಗೆ ಮಾತ್ರ. ಲೀಲಾಕ್ಷಿಯ ಮನೆಗೆ ಹೋಗಲಿಲ್ಲ, ನಮ್ಮ ಮನೆಗೂ ಬರಲಿಲ್ಲ. ಏಳು ವರ್ಷ ನಮ್ಮ ಬಾಗಿಲ ಮುಂದೆಯೇ ಮೆಟ್ಟಿಲು ಹತ್ತಿ ಇಳಿದಳು. ಮಾತಾಡಿಸಿದರೆ, "ಆರಾಮ ಅದೀನ್ರಿ ಅಕ್ಕಾರ," ಎಂದು ನಿಂತು ಮಾತಾಡುತ್ತಿದ್ದಳು. ಒಳಗೆ ಬಾ ಎಂದು ಎಷ್ಟು ಸಲ ಕರೆದೆನೋ, ಒಂದು ಸಲವೂ ಹೊಸ್ತಿಲು ದಾಟಲಿಲ್ಲ.