ಒಡಪಿನಲ್ಲಿ ಹೇಳಿದ ಹೆಸರು

ಶಾಲೆಯಲ್ಲಿ ನಾಟಕ ಕಲಿಸಿದರೆ ಮಕ್ಕಳ ಬುದ್ಧಿ ಬೆಳೆಯುತ್ತದೆ ಎಂದು ಯಾರಾದರೂ ಭಾಷಣ ಬಿಗಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನನಗೂ ಕಲಿಸಿದ್ದರು, ಬನಹಟ್ಟಿಯಲ್ಲಿ. ಆಗ ನನಗೆ ಎಂಟು ವರ್ಷ.

ನಮ್ಮ ಮನೆಯಲ್ಲಿ ಇಬ್ಬರು ಅವ್ವಂದಿರು. ಒಬ್ಬಳು ಹಡೆದವಳು, ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಇನ್ನೊಬ್ಬಳು ಚಿಮ್ಮಡದವಳು, ಗಂಡನನ್ನು ಬಿಟ್ಟು ಬಂದವಳು. ಅವಳನ್ನು ನಾನು ಸಣ್ಣವ್ವ ಎನ್ನುತ್ತಿದ್ದೆ. ಸಣ್ಣವ್ವ ಸೀರೆ ನೇಯುತ್ತಿದ್ದಳು, ಅವ್ವ ಮಗ್ಗದ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದಳು. ಓಣಿಯವರಿಗೆ ‘ದೂರದ ಸಂಬಂಧದ ತಂಗಿ’ ಎಂದು ಹೇಳಿದ್ದರು. ಅವರು ನಂಬಿದ್ದರೋ, ನಂಬಿದಂತೆ ಇದ್ದರೋ, ಯಾರೂ ಕೆದಕಿರಲಿಲ್ಲ.

ಅವ್ವ ಎಂದೂ ಸಣ್ಣವ್ವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಲೇಬೇಕಾದರೆ ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಸೇರಿಸಿ, ನಾಚಿಕೊಂಡು ಹೇಳುತ್ತಾಳೆ. ಬಾಗಿಲು ಹಾಕಿ ಉಣ್ಣಲು ಕೂತಾಗ ಸಣ್ಣವ್ವ ಅವ್ವನನ್ನು ಕಾಡುತ್ತಿದ್ದಳು: “ಹೆಸರ ಹೇಳು, ಇಲ್ಲಂದ್ರ ನಾ ಉಣ್ಣಂಗಿಲ್ಲ ನೋಡು.” ಅವ್ವ ಸೆರಗು ಎಳೆದುಕೊಂಡು ಒಡಪು ಕಟ್ಟಿ ಹೇಳುತ್ತಿದ್ದಳು. ಮೂವರೂ ನಗುತ್ತಿದ್ದೆವು. ನನಗೆ ಅದು ಆಟ.

ಆ ಬೇಸಿಗೆ ಸೂಟಿಯಲ್ಲಿ ಜಮಖಂಡಿಯಿಂದ ಒಬ್ಬ ಮಾಸ್ತರರು ಬಂದು ನಮಗೆಲ್ಲ ನಾಟಕ ಕಲಿಸಿದರು. “ಪುಸ್ತಕದ್ದು ಬ್ಯಾಡ. ನಿಮ್ಮ ಮನ್ಯಾಗ ನಡ್ಯೂದನ್ನ ಮಾಡಿ ತೋರಸ್ರಿ,” ಎಂದರು. ಕೊನೆಯ ದಿನ ಶಾಲೆಯ ಅಂಗಳಕ್ಕೆ ತಾಯಂದಿರನ್ನು ಕರೆಸಿದರು. ನನ್ನ ಇಬ್ಬರು ಅವ್ವಂದಿರೂ ಬಂದು ಮುಂದೆಯೇ ಕೂತಿದ್ದರು. ನಾನು ಕಟ್ಟೆ ಹತ್ತಿ, ಟವೆಲ್ಲು ತಲೆಗೆ ಹೊದ್ದು, ಬಡಿಸುವವಳಂತೆ ಬಗ್ಗಿ, “ಕೆಂಪ ನೂಲಿನ ಕಂಡಿಕಿ ಸುತ್ತಿ ಇಟ್ಟೇನಿ,” ಎಂದು ಶುರು ಮಾಡಿ, ಸಣ್ಣವ್ವನ ಹೆಸರು ಹೇಳಿ, “ಬಿಸಿ ರೊಟ್ಟಿ ಕೊಟ್ಟೇನಿ” ಎಂದು ಮುಗಿಸಿದೆ. ಅವ್ವನ ನಾಚಿಕೆಯನ್ನೂ ಬಿಡಲಿಲ್ಲ. ಚಪ್ಪಾಳೆಗೆ ಕಾದು ನಿಂತೆ.

ಹಿಂದಿನಿಂದ ಒಬ್ಬಳು, “ಅಯ್ಯ, ಇವರ ಮನ್ಯಾಗ ಆಕಿನ ಗಂಡ ಏನವಾ?” ಎಂದಳು. ಆಮೇಲೆ ಎಲ್ಲರೂ ನಕ್ಕರು. ಮಾಸ್ತರರು ನನ್ನ ಮುಖ ನೋಡದೆ, “ಸಾಕು, ಕೆಳಗ ಇಳಿ,” ಎಂದರು.

ಸುದ್ದಿ ಚಿಮ್ಮಡ ಮುಟ್ಟಿ, ವಾರದೊಳಗೆ ಸಣ್ಣವ್ವನ ಅಣ್ಣಂದಿರು ಅವಳನ್ನು ಕರೆದೊಯ್ಯಲು ಬಂದರು. “ನಾ ಬರಂಗಿಲ್ಲ,” ಎಂದು ಅವಳು ಮಗ್ಗದ ಕಂಬ ಹಿಡಿದು ಕೂತಳು. ಹೋಗು ಎಂದವಳು ಅವ್ವ. “ನಾಳಿ ಈ ಹುಡುಗೀನ ಯಾರ ಮಾಡ್ಕೋತಾರ? ಹೋಗು.” ಸಣ್ಣವ್ವ ಕಂಬ ಬಿಟ್ಟಳು. ಹೊರಡುವಾಗ ನನ್ನ ತಲೆ ಸವರಿ, “ಛಲೋ ಮಾಡಿದ್ದಿ ನಾಟಕ,” ಎಂದಳು. ಸಿಟ್ಟಿನಿಂದ ಅಂದಿದ್ದರೆ ಇಷ್ಟು ಸುಡುತ್ತಿರಲಿಲ್ಲ. ಅವ್ವನೂ ಒಂದು ಮಾತು ಬೈಯಲಿಲ್ಲ. ನಾಲ್ಕು ಬಡಿಯಬಾರದಿತ್ತೇ ಆ ಪುಣ್ಯಾತ್ಗಿತ್ತಿ!

ಮುಂದೆ ನನ್ನ ಮದುವೆಯಾಯಿತು, ಮಕ್ಕಳಾದವು. ಸಣ್ಣವ್ವ ಸತ್ತ ಸುದ್ದಿ ಬಂದ ದಿನ ಅವ್ವನನ್ನು ಆಟೋದಲ್ಲಿ ಚಿಮ್ಮಡಕ್ಕೆ ಕರೆದುಕೊಂಡು ಹೋದೆ. ಪಡಸಾಲೆಯಲ್ಲಿ ಸಣ್ಣವ್ವನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹೊಸ್ತಿಲಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಅವ್ವನನ್ನು ತಡೆದು ಕೇಳಿದಳು, “ಇವರು ನಿಮಗ ಏನಾಗಬೇಕ್ರಿ?”

ಅವ್ವ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯಲಿಲ್ಲ.

“ಏನೂ ಆಗಬೇಕಿಲ್ರಿ,” ಎಂದಳು ಅವ್ವ. “ಹಿಂದಕ ನಮ್ಮ ಬಾಜೂ ಮನ್ಯಾಗ ಇದ್ರು.”